ಒಂದೇ ಕಥೆ, ಎರಡು ನುಡಿ: ‘ಪೋಲ್ಸ್ಕಾ ಕ್ರೆವ್’ ಚಿತ್ರದ ಹಿನ್ನೆಲೆ

ಜೆಕ್ ನಿರ್ದೇಶಕ ಕರೆಲ್ ಲಾಮಾಚ್ 1934ರಲ್ಲಿ ‘ಪೋಲ್ಸ್ಕಾ ಕ್ರೆವ್’, ಅಂದರೆ ‘ಪೋಲಿಷ್ ರಕ್ತ’ ಎಂಬ ಸಂಗೀತಮಯ ಚಿತ್ರವನ್ನು ತೆರೆಗೆ ತಂದಾಗ, ಅದೇ ಕಥೆ ‘ಪೋಲೆನ್‌ಬ್ಲೂಟ್’ ಎಂಬ ಹೆಸರಿನಲ್ಲಿ ಜರ್ಮನ್ ಭಾಷೆಯಲ್ಲೂ ಬೇರೆಯಾಗಿ ಚಿತ್ರಿತವಾಗಿತ್ತು. ನಾಯಕಿ ಆನಿ ಒಂದ್ರಾ ಎರಡರಲ್ಲೂ ಇದ್ದರು.

ಕಥೆಯ ಬೇರು ರಷ್ಯಾದಲ್ಲಿದೆ. ಪುಷ್ಕಿನ್ ಬರೆದ, ಜಮೀನುದಾರನ ಮಗಳು ರೈತ ಹುಡುಗಿಯ ವೇಷ ತೊಡುವ ಕಥೆಯನ್ನು ಆಧರಿಸಿ ಲಿಯೋ ಸ್ಟೈನ್ ಜರ್ಮನ್‌ನಲ್ಲಿ, ಮುಂದೆ ಈ ಚಿತ್ರಕ್ಕೆ ಮೂಲವಾದ ಅಪೆರೆಟ್ಟಾ ರಚಿಸಿದರು. ಅಪೆರೆಟ್ಟಾ ಎಂದರೆ ಮಾತು, ಹಾಡು, ಕುಣಿತ ಬೆರೆತ ಹಗುರವಾದ ಸಂಗೀತ ನಾಟಕ. ಸ್ಟೈನ್ ಅವರ ಕೃತಿಯಲ್ಲಿ, ತನ್ನನ್ನು ನೋಡದೆಯೇ ನಿರಾಕರಿಸಿದ, ಸಾಲದಲ್ಲಿ ಮುಳುಗಿದ ಕೌಂಟ್ ಪದವಿಯ ಸಿರಿವಂತನ ಮನೆಗೆ ನಾಯಕಿ ಹೆಲೆನಾ ಕೆಲಸದವಳಾಗಿ ಸೇರಿ, ಹಾಳಾಗುತ್ತಿದ್ದ ಅವನ ಆಸ್ತಿಯನ್ನು ದಾರಿಗೆ ತರುತ್ತಾಳೆ. ಇದಕ್ಕೆ ಸಂಗೀತ ಕೊಟ್ಟವರು ಪ್ರಸಿದ್ಧ ಜೆಕ್ ಸಂಗೀತ ರಚನಕಾರ ಡ್ವೊರ್ಜಾಕ್ ಅವರ ಶಿಷ್ಯರೂ ಜೆಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದ ಸಂಗೀತ ನಿರ್ವಾಹಕರೂ ಆಗಿದ್ದ ಒಸ್ಕರ್ ನೆಡ್ಬಾಲ್. 1913ರ ಅಕ್ಟೋಬರ್‌ನಲ್ಲಿ ವಿಯೆನ್ನಾದ ಕಾರ್ಲ್ ಥಿಯೇಟರ್‌ನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಜೆಕ್ ಸಂಗೀತಗಾರನೊಬ್ಬನ ಅತ್ಯಂತ ಜನಪ್ರಿಯ ಕೃತಿಯೊಂದು ಹೀಗೆ ಜರ್ಮನ್ ಮಾತಿನಲ್ಲಿ ಹುಟ್ಟಿತು ಎಂಬುದನ್ನು ಮರೆತರೆ ಮುಂದಿನ ಸಂಗತಿ ಅರ್ಥವಾಗುವುದಿಲ್ಲ. ನೆಡ್ಬಾಲ್ ಈ ಚಿತ್ರವನ್ನು ನೋಡಲಿಲ್ಲ. 1930ರ ಡಿಸೆಂಬರ್ 24ರಂದು ಅವರು ಜಾಗ್ರೆಬ್‌ನಲ್ಲಿ ತೀರಿಕೊಂಡಿದ್ದರು.

ಅಷ್ಟರಲ್ಲಿ ಮಾತಿನ ಚಿತ್ರ ಬಂದಿತ್ತು. 1929ರ ಆಗಸ್ಟ್‌ನಲ್ಲಿ ಪ್ರಾಗ್‌ನ ಲುತ್ಸೆರ್ನಾ ಚಿತ್ರಮಂದಿರದಲ್ಲಿ ಅಮೆರಿಕದ ಮಾತಿನ ಚಿತ್ರವೊಂದು ಪ್ರದರ್ಶನಗೊಂಡ ಮೇಲೆ, ಮೂಕಿ ಚಿತ್ರಕ್ಕೆ ಇಲ್ಲದಿದ್ದ ಭಾಷೆಯ ಗಡಿಯೊಂದು ಎದ್ದು ನಿಂತಿತು. ಜೆಕ್ ಮಾತನಾಡುವವರ ಮಾರುಕಟ್ಟೆ ಚಿಕ್ಕದು. ಧ್ವನಿ ಮುದ್ರಣದ ಖರ್ಚು ದೊಡ್ಡದು. ಪಕ್ಕದಲ್ಲೇ ಜರ್ಮನ್ ಭಾಷೆಯ ವಿಶಾಲ ಮಾರುಕಟ್ಟೆ ಇತ್ತು, ಜೆಕೊಸ್ಲೊವಾಕಿಯಾ ದೇಶದೊಳಗೇ 30 ಲಕ್ಷಕ್ಕೂ ಹೆಚ್ಚು ಜರ್ಮನ್ ಭಾಷಿಕರಿದ್ದರು. ಆದರೆ ಆ ಭಾಷೆಯ ಬಗ್ಗೆ ಅಸಮಾಧಾನವೂ ಇತ್ತು: 1930ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಮಾತಿನ ಚಿತ್ರಗಳ ವಿರುದ್ಧ ಪ್ರಾಗ್‌ನ ಬೀದಿಗಳಲ್ಲಿ ಗಲಭೆಯೇ ನಡೆಯಿತು. ಒಂದೇ ಸೆಟ್‌ನಲ್ಲಿ ಒಂದು ದೃಶ್ಯವನ್ನು ಎರಡು ಭಾಷೆಗಳಲ್ಲಿ ಚಿತ್ರಿಸುವ ಪದ್ಧತಿ ಈ ಇಕ್ಕಟ್ಟಿಗೆ ಸಿಕ್ಕ ಪರಿಹಾರ. ಹಾಸ್ಯನಟ ವ್ಲಾಸ್ತಾ ಬುರಿಯನ್ ಅವರ ಯಶಸ್ವೀ ಚಿತ್ರವೊಂದನ್ನು ಲಾಮಾಚ್ 1930ರಲ್ಲೇ ಹೀಗೆ ಎರಡು ನುಡಿಗಳಲ್ಲಿ ತಯಾರಿಸಿದ್ದರು. ಈಗ ಇದನ್ನು ಬರಿಯ ವ್ಯಾಪಾರದ ಉಪಾಯವೆಂದು ತಳ್ಳಿಹಾಕುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಅಪೆರೆಟ್ಟಾ ಮೊದಲಿನಿಂದಲೂ ಊರಿಂದೂರಿಗೆ, ನುಡಿಯಿಂದ ನುಡಿಗೆ ಸಾಗುತ್ತ ಬೆಳೆದ ಕಲೆ. ಹಾಡಿನ ಧಾಟಿ ಹಾಗೇ ಉಳಿದು ಮಾತು ಮಾತ್ರ ಬದಲಾಗುವುದು ಅದಕ್ಕೆ ಹೊಸದಲ್ಲ.

1933ರಲ್ಲಿ ಆರಂಭವಾದ ಬರಾಂದೊವ್ ಸ್ಟುಡಿಯೋ ಪ್ರಾಗ್‌ಗೆ ಇಂಥ ದೊಡ್ಡ ಕೆಲಸದ ಸೌಕರ್ಯ ಒದಗಿಸಿತು. ಜರ್ಮನ್ ರೂಪದಲ್ಲಿ ಹಾನ್ಸ್ ಮೋಸರ್ ಮತ್ತು ಇವಾನ್ ಪೆಟ್ರೋವಿಚ್ ಅವರಿದ್ದರು, ಜೆಕ್ ರೂಪದಲ್ಲಿ ಜೆಕ್ ನಟರು.

ಎರಡಕ್ಕೂ ಸಲ್ಲಬಲ್ಲವರು ಒಂದ್ರಾ. ಅವರು 1902ರಲ್ಲಿ, ಆಗ ಆಸ್ಟ್ರಿಯಾ-ಹಂಗೇರಿಗೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ಟಾರ್ನೂಫ್ ಊರಿನಲ್ಲಿ ಜೆಕ್ ಕುಟುಂಬದಲ್ಲಿ ಹುಟ್ಟಿದವರು. 1929ರಲ್ಲಿ ಇಂಗ್ಲೆಂಡಿನಲ್ಲಿ ನಿರ್ದೇಶಕ ಹಿಚ್‌ಕಾಕ್ ಅವರ ಮೊದಲ ಮಾತಿನ ಚಿತ್ರದಲ್ಲಿ ಅಭಿನಯಿಸಿದಾಗ, ಅವರ ಇಂಗ್ಲಿಷ್ ಉಚ್ಚಾರಣೆ ಸಲ್ಲದೆಂದು, ಕ್ಯಾಮೆರಾದ ಆಚೆ ನಿಂತ ಜೋನ್ ಬ್ಯಾರಿ ಮಾತುಗಳನ್ನು ಹೇಳುತ್ತಿದ್ದರು, ಒಂದ್ರಾ ತುಟಿ ಮಾತ್ರ ಆಡಿಸುತ್ತಿದ್ದರು. ಮರುವರ್ಷ ಅವರು ಲಾಮಾಚ್ ಜೊತೆಗೂಡಿ ಬರ್ಲಿನ್‌ನಲ್ಲಿ ತಮ್ಮದೇ ಚಿತ್ರಸಂಸ್ಥೆ ಕಟ್ಟಿದರು. ‘ಪೋಲ್ಸ್ಕಾ ಕ್ರೆವ್’ ಬರುವ ಹೊತ್ತಿಗೆ ಅವರ ಬದಲು ಇನ್ನೊಬ್ಬರು ಮಾತನಾಡಬೇಕಾಗಿರಲಿಲ್ಲ.