ಬ್ಲಾಗ್ ತೆರೆಯುವ ಮುಂಚೆ ಇಮೇಲ್ ಯಾವುದು ನೋಡಿ

ಹೋದ ವಾರ ಕ್ಲಾಸು ಮುಗಿದ ಮೇಲೆ ಎರಡನೇ ವರ್ಷದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಮೇಡಂ, ಬ್ಲಾಗರ್ ಹಳೇದಾಯ್ತು ಅಂತಾರೆ ಎಲ್ರೂ. ವರ್ಡ್‌ಪ್ರೆಸ್‌ಗೆ ಹೋಗ್ಲಾ? ಇಲ್ಲಾ ಇನ್‌ಸ್ಟಾಗ್ರಾಮ್ ಒಂದೇ ಸಾಕಾ?" ಬ್ಲಾಗರ್, ವರ್ಡ್‌ಪ್ರೆಸ್ ಎರಡೂ ಬ್ಲಾಗ್ ತೆರೆಯೋಕೆ ಇರುವ ಜಾಗಗಳು. ತನ್ನ ಬರಹದ ಜೊತೆ ಕ್ಲಾಸಿನ ಗೆಳೆಯರ ಕೆಲಸಕ್ಕೂ ಅಲ್ಲಿ ಜಾಗ ಕೊಡಬೇಕು ಅನ್ನುವುದು ಅವಳ ಆಸೆ.

"ಯಾವ ಇಮೇಲ್‌ನಿಂದ ತೆರೀತೀಯ?" ಅಂತ ಕೇಳಿದೆ.

"ಕಾಲೇಜ್ ಐಡಿಯಿಂದ ಮೇಡಂ."

ಅಲ್ಲೇ ತಡೆದೆ. ಕೆಲವು ವರ್ಷಗಳ ಹಿಂದೆ ನನ್ನದೊಂದು ಬ್ಯಾಚ್ ಹೀಗೇ ಕಾಲೇಜು ಕೊಟ್ಟ ಐಡಿಯಿಂದ ಬ್ಲಾಗ್ ತೆರೆದಿತ್ತು. ಕೋರ್ಸ್ ಮುಗಿಯಿತು, ಐಡಿಗಳು ರದ್ದಾದವು, ಅದರ ಜೊತೆ ಬ್ಲಾಗೂ ಹೋಯಿತು. ಒಬ್ಬ ಹುಡುಗ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡಿದ್ದ ಸೋಬಾನೆ ಪದಗಳು ಅಲ್ಲಿ ಮಾತ್ರ ಇದ್ದವು. ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಅಂತ ನಾನು ಆವಾಗ ಹೇಳಿರಲಿಲ್ಲ. ಆ ನೋವು ಇನ್ನೂ ಇದೆ. ಅದಕ್ಕೇ ಈಗ ಮೊದಲ ಪಾಠವೇ ಇದು: ಯಾವ ಜಾಗ ಚೆನ್ನಾಗಿ ಕಾಣುತ್ತೆ ಅನ್ನೋದಕ್ಕಿಂತ, ಅಲ್ಲಿಂದ ಹೊರಡುವಾಗ ನಮ್ಮ ಸಾಮಾನು ನಮ್ಮ ಜೊತೆ ಬರುತ್ತಾ ಅಂತ ನೋಡಬೇಕು.

ಬ್ಲಾಗರ್ ಶುರುವಾಗಿದ್ದು 1999ರಲ್ಲಿ, ಗೂಗಲ್ ಕೊಂಡಿದ್ದು 2003ರಲ್ಲಿ. ಹಳೆಯದು ನಿಜ, ಆದರೆ ಕೆಲಸಕ್ಕೆ ಬರುತ್ತೆ. ಸ್ವಂತ ಡೊಮೇನ್, ಅಂದರೆ ನಮ್ಮದೇ ಹೆಸರಿನ ವೆಬ್ ವಿಳಾಸ, ಜೋಡಿಸೋಕೆ ಬೇರೆ ಶುಲ್ಕವಿಲ್ಲ, ಡೊಮೇನ್‌ನ ವರ್ಷದ ಬಾಡಿಗೆ ಕಟ್ಟಿದರೆ ಆಯಿತು. ವರ್ಡ್‌ಪ್ರೆಸ್ ಹೆಸರಲ್ಲಿ ಎರಡು ವಸ್ತುಗಳಿವೆ, ಮಕ್ಕಳು ಎಡವುವುದು ಇಲ್ಲೇ. ಡಾಟ್ ಆರ್ಗ್‌ನಲ್ಲಿ ಸಿಗುವುದು ಬರೀ ತಂತ್ರಾಂಶ, ಹೋಸ್ಟಿಂಗ್, ಅಂದರೆ ಬ್ಲಾಗ್ ಇಡೋಕೆ ಸರ್ವರ್‌ನಲ್ಲಿ ಜಾಗ, ನಾವೇ ಕೊಳ್ಳಬೇಕು. ಡಾಟ್ ಕಾಮ್ ಆ ಜಾಗವನ್ನೂ ಸೇರಿಸಿ ಸೇವೆ ಕೊಡುತ್ತದೆ, ಆದರೆ ಸ್ವಂತ ಡೊಮೇನ್ ಬೇಕಾದರೆ ದುಡ್ಡಿನ ಪ್ಲಾನ್ ತಗೋಬೇಕು.

ಬರಹವನ್ನೆಲ್ಲ ಒಂದೇ ಫೈಲಾಗಿ ಇಳಿಸಿಕೊಳ್ಳೋಕೆ ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ದಾರಿಯಿದೆ. ಆದರೆ ಬ್ಲಾಗರ್‌ನ ಆ ಫೈಲಿನಲ್ಲಿ ಚಿತ್ರಗಳು ಇರುವುದಿಲ್ಲ, ಅವುಗಳ ಕೊಂಡಿ ಮಾತ್ರ ಇರುತ್ತೆ. ಹಾಗಾಗಿ ಮೂಲ ಫೋಟೋಗಳು ನಿಮ್ಮ ಫೋಲ್ಡರ್‌ನಲ್ಲೇ ಇರಲಿ. ಯಾಹೂ 2009ರಲ್ಲಿ ಜಿಯೋಸಿಟೀಸ್ ಅನ್ನುವ ತನ್ನ ಉಚಿತ ವೆಬ್‌ಪುಟದ ಸೇವೆ ಮುಚ್ಚಿತು, ಜನ ವರ್ಷಗಟ್ಟಲೆ ಕಟ್ಟಿಕೊಂಡಿದ್ದ ಪುಟಗಳೂ ಅದರ ಜೊತೆ ಹೋದವು. ದೊಡ್ಡ ಕಂಪನಿ, ಏನೂ ಆಗಲ್ಲ ಅಂತ ಸುಮ್ನೆ ಕೂರಬೇಡಿ.

ಇನ್ನು ಗೆಳೆಯರ ಕೆಲಸ. ಒಬ್ಬಳು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೈಯಲ್ಲಿ ಬರೆದ ಹಳೆಯ ಅಂಗಡಿ ಬೋರ್ಡುಗಳ ಫೋಟೋ ತೆಗೆದಿದ್ದಾಳೆ. ಅದನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿ ಬರುತ್ತೆ, ಬಣ್ಣ ಬಿರಿದ ಗೆರೆಗಳು ಮಾಯ. ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಬರುತ್ತೆ. ಇನ್ನೊಬ್ಬ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ವ್ಯಾಪಾರಿಗಳ ಕೂಗು ರೆಕಾರ್ಡ್ ಮಾಡಿದ್ದಾನೆ. ನನಗೆ ಕೇಳಿಸಿದ. ಸೇರಿನಿಂದ ಕಾಯಿ ಸುರಿಯುವ ಸದ್ದು, ಹಿಂದೆ ಪೀಪಿ, ನಡುವೆ "ಬನ್ನಿ ಅಕ್ಕಾ, ಹುರಿದಿದ್ದಾ, ಹಸೀದಾ?" ಕಣ್ಣು ಮುಚ್ಚಿದರೆ ಬುಲ್ ಟೆಂಪಲ್ ರಸ್ತೆಯಲ್ಲೇ ನಿಂತ ಹಾಗೆ. ಬ್ಲಾಗರ್‌ನಲ್ಲಿ ಆಡಿಯೋ ನೇರವಾಗಿ ಏರಿಸೋಕೆ ಆಗಲ್ಲ. ಇಂಟರ್ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಗ್ರಂಥಾಲಯಕ್ಕೆ ಉಚಿತವಾಗಿ ಏರಿಸಿ, ಅದು ಕೊಡುವ ಪ್ಲೇಯರ್ ಕೋಡನ್ನು ಬ್ಲಾಗಿಗೆ ಅಂಟಿಸಬಹುದು. ಇನ್‌ಸ್ಟಾಗ್ರಾಮ್ ಇದನ್ನೆಲ್ಲ ನಾಲ್ಕು ಜನಕ್ಕೆ ತೋರಿಸೋಕೆ ಒಳ್ಳೆಯದು. ಜೋಪಾನವಾಗಿ ಇಡೋಕೆ ಅಲ್ಲ. ಪೋಸ್ಟಿನ ಕೆಳಗೆ ಬರೆದ ಕೊಂಡಿ ಒತ್ತಿದರೂ ತೆರೆಯಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೆರಡು ತೊಡಕು. ಬ್ಲಾಗ್ ತೆರೆಯಲು ಬಂದ ಹುಡುಗಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಲೇಖನ ತಂದಿದ್ದಳು, ಅವಳ ತಂದೆ ಬರೆದಿದ್ದು. ಬ್ಲಾಗಿಗೆ ಅಂಟಿಸಿದ ಕೂಡಲೇ ಅಕ್ಷರಗಳೆಲ್ಲ ತಲೆಮೇಲೆ ಗೀಟು ಚುಕ್ಕಿ ಹೊತ್ತ ಇಂಗ್ಲಿಷ್ ಲಿಪಿ ಆಗಿಬಿಟ್ಟವು. ಹುಡುಗಿ ಗಾಬರಿಯಾದಳು. ಬರಹ ಹಾಳಾಗಿರಲಿಲ್ಲ, ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ ಅಷ್ಟೇ. ಕನ್ವರ್ಟರ್‌ನಲ್ಲಿ ಹಾಕಿದೆವು, ಸರಿಹೋಯಿತು. ಆದರೆ ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಮತ್ತೊಮ್ಮೆ ಕಣ್ಣಾಡಿಸಲೇಬೇಕು. ಎರಡನೆಯದು ಪುಟದ ವಿಳಾಸ. ಕನ್ನಡ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಸುಮ್ಮನೆ 'ಬ್ಲಾಗ್-ಪೋಸ್ಟ್' ಅಂತ ವಿಳಾಸ ಮಾಡುತ್ತೆ, ಯಾವ ಬರಹ ಅಂತ ಗೊತ್ತಾಗಲ್ಲ. ವರ್ಡ್‌ಪ್ರೆಸ್‌ನಲ್ಲಿ ವಿಳಾಸ ಕಾಪಿ ಮಾಡಿದರೆ ಉದ್ದಕ್ಕೆ ಶೇಕಡಾ ಚಿಹ್ನೆಗಳ ಸಾಲು. ಪ್ರಕಟಿಸುವ ಮೊದಲೇ ಪರ್ಮಾಲಿಂಕ್ (ಪುಟದ ವಿಳಾಸ) ಅಂತ ಇರುವ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಹೆಸರು ಬರೆಯಿರಿ.

ಗೆಳೆಯರ ಕೆಲಸ ಹಾಕುವಾಗ ಕೇಳಿಯೇ ಹಾಕಿ, ಯಾರು ಮಾಡಿದ್ದು ಅಂತ ಹೆಸರನ್ನು ಮೇಲೇ ಬರೆಯಿರಿ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬೇಡ. ತೆಗೆದುಬಿಡು ಅಂದರೆ ಅವತ್ತೇ ತೆಗೆಯಿರಿ.

ಅವಳು ಕೊನೆಗೆ ಬ್ಲಾಗರನ್ನೇ ಆರಿಸಿಕೊಂಡಳು, ತನ್ನ ಸ್ವಂತ ಇಮೇಲ್‌ನಿಂದ. ಸೆಟ್ಟಿಂಗ್ಸ್‌ಗೆ ಹೋಗಿ ಪರಿಷೆಯ ಹುಡುಗನನ್ನು ಎರಡನೇ ಅಡ್ಮಿನ್ ಮಾಡಿದಳು. ಒಬ್ಬರ ಖಾತೆ ಕೈಕೊಟ್ಟರೂ ಇನ್ನೊಬ್ಬರ ಕೈಯಲ್ಲಿ ಬೀಗದ ಕೈ ಇರುತ್ತೆ. ಮೊದಲ ಬರಹ ಅವಳ ತಂದೆಯದ್ದೇ. ಅರ್ಕಾವತ್ತು ತಿದ್ದುತ್ತಾ ಅವಳೂ ಆ ಹುಡುಗನೂ ಇನ್ನೂ ಲ್ಯಾಬಿನಲ್ಲೇ ಕೂತಿದ್ದರು, ನಾನು ಹೊರಡುವಾಗ.