ರನ್ನಿಂಗ್ ಬೋರ್ಡ್‌ಗೆ ತಗಡು ಕೂರಿಸುವುದು: ಟಿಂಕರಿಂಗ್ ಕಲಿಯುವವರಿಗೆ ಟಿಪ್ಪಣಿ

ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ರಿಪೇರಿಗೆ ಬರುವ ಹಳೇ ಕಾರಿನಲ್ಲಿ ಮೊದಲು ನೋಡಬೇಕಾದ್ದು ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್. ಮಳೆಗಾಲದ ಕೆಸರು ಅದರ ಒಳಗೆ ಸೇರಿದರೆ ತಿಂಗಳುಗಟ್ಟಲೆ ಒಣಗುವುದಿಲ್ಲ. ತುಕ್ಕು ಒಳಗಿನಿಂದ ತಿನ್ನುತ್ತಾ ಬಂದು, ಹೊರಗಡೆ ಬಣ್ಣ ಗುಳ್ಳೆ ಎದ್ದಾಗ ಒಳಗೆ ಅಂಗೈಯಗಲ ಹೋಗಿರುತ್ತದೆ. ಹಾಗಾಗಿ ಗುಳ್ಳೆಯಷ್ಟೇ ಕತ್ತರಿಸಬೇಡಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತುತ್ತಾ ಹೋಗಿ ಗಟ್ಟಿ ತಗಡು ಹುಡುಕಿ, ಅದರಿಂದಲೂ ಒಂದು ಬೆರಳಗಲ ಆಚೆ ಗೆರೆ ಎಳೆಯಿರಿ.

ನಮೂನೆಯನ್ನು ರಟ್ಟಿನಲ್ಲಿ ಕತ್ತರಿಸಿ ತಗಡಿಗೆ ಇಳಿಸಿ. ಮೂಲೆಗಳು ದುಂಡಗಿರಲಿ, ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ. ದಪ್ಪ ಊಹಿಸಬೇಡಿ, ತೆಗೆದ ತುಂಡಿನ ಗಟ್ಟಿ ಭಾಗವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಹೊರಗಿನ ಪ್ಯಾನೆಲ್‌ಗಳು ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಅಂಗಡಿಯಲ್ಲಿ 22 ಗೇಜ್ ಅಂದರೆ ಸುಮಾರು 0.7, 20 ಗೇಜ್ ಅಂದರೆ ಸುಮಾರು 0.9 ಮಿ.ಮೀ.

ಇನ್ನು ವೆಲ್ಡಿಂಗ್. ಇಲ್ಲಿ ಕೆಲಸ ಕೆಡುವುದು ಬಿಸಿಯಿಂದ. ಉಕ್ಕು ಕರಗಲು ಹೆಚ್ಚುಕಡಿಮೆ 1500 ಡಿಗ್ರಿ ಬೇಕು. ಕಾದ ಜಾಗ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆ ತಗಡು ಬಿಡುವುದಿಲ್ಲ. ಮೆತ್ತಗಾದ ಲೋಹ ಅಲ್ಲಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ, ಆರುವಾಗ ಮೊದಲಿಗಿಂತ ಗಿಡ್ಡವಾಗುತ್ತದೆ. ಆ ಎಳೆತಕ್ಕೆ ಸಿಕ್ಕಿ ಇಡೀ ಪ್ಯಾನೆಲ್ ಸುಟ್ಟ ಹಪ್ಪಳದಂತೆ ಡೊಂಕಾಗುತ್ತದೆ. ಆದ್ದರಿಂದ ಉದ್ದಕ್ಕೆ ಬೀಡ್ (ಬೆಸುಗೆಯ ಸಾಲು) ಎಳೆಯಲೇಬಾರದು. ಮಿಗ್ ಯಂತ್ರದಲ್ಲಿ (ಗನ್ನಿನಿಂದ ತಂತಿ ತಾನೇ ಬರುತ್ತಾ ಕರಗುವ ವಿದ್ಯುತ್ ವೆಲ್ಡಿಂಗ್) 0.6 ಇಲ್ಲವೇ 0.8 ಮಿ.ಮೀ. ತಂತಿ ಹಾಕಿ, ಒಂದು ಟ್ಯಾಕ್ (ಚುಕ್ಕಿಯಷ್ಟು ಬೆಸುಗೆ) ಇಲ್ಲಿ, ಮುಂದಿನದು ಎದುರು ಬದಿಯಲ್ಲಿ. ಟ್ಯಾಕ್ ಸುತ್ತ ನೀಲಿ ಉಂಗುರ ಕಾಣುತ್ತದಲ್ಲ, ಅದು ಅಗಲವಾಗುತ್ತಾ ಹೋದರೆ ಗನ್ ಕೆಳಗಿಡಿ. ಕೈ ಮುಟ್ಟುವಷ್ಟು ಆರಲಿ. ಹಿಂದೆ ಡಾಲಿ (ಬಡಿತಕ್ಕೆ ಆನಿಸುವ ಕಬ್ಬಿಣದ ತುಂಡು) ಹಿಡಿಯಲು ಜಾಗವಿದ್ದಲ್ಲಿ ಟ್ಯಾಕ್ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಕುಗ್ಗಿದ ಲೋಹ ಮತ್ತೆ ಹಿಗ್ಗಿ ಎಳೆತ ಸಡಿಲವಾಗುತ್ತದೆ. ಗ್ಯಾಸ್ ವೆಲ್ಡಿಂಗ್‌ನಲ್ಲಿ ಬಿಸಿ ಇನ್ನೂ ಅಗಲಕ್ಕೆ ಹರಡುತ್ತದೆ, ಆದರೆ ಬೀಡ್ ಮೃದು, ಬಡಿತಕ್ಕೆ ಚೆನ್ನಾಗಿ ಬಗ್ಗುತ್ತದೆ. ಹಳೇ ಕೈಗಳು ಅದನ್ನು ಬಿಡದಿರುವುದಕ್ಕೆ ಕಾರಣವಿದೆ. ಗ್ರೈಂಡರ್ ಕೂಡ ಬಿಸಿ ಮಾಡುತ್ತದೆ, ಒಂದೇ ಕಡೆ ಒತ್ತಿ ಹಿಡಿಯಬೇಡಿ.

ತಗಡಿನ ಮೇಲೆ ತಗಡು ಹೊದಿಸುವುದು ಸುಲಭ, ಬೇಗವೂ ಮುಗಿಯುತ್ತದೆ. ಆದರೆ ಎರಡರ ನಡುವೆ ನೀರು ನಿಲ್ಲುತ್ತದೆ, ನಮ್ಮ ಮಳೆಗೆ ಅದು ಬಾಳುವುದಿಲ್ಲ. ಅಂಚಿಗೆ ಅಂಚು ಸೇರಿಸುವುದೇ ನನ್ನ ಆಯ್ಕೆ. ಹೊದಿಸಲೇಬೇಕಾದ ಕಡೆ ಒಳಮೈಗೆ ಸತುವಿನ ವೆಲ್ಡಿಂಗ್ ಪ್ರೈಮರ್ ಬಳಿದು, ಆಮೇಲೆ ಅಂಚಿಗೆ ಸೀಲರ್ ತುಂಬಿ.

ಶುರುಮಾಡುವ ಮೊದಲು ಬ್ಯಾಟರಿ ಬಿಚ್ಚಿ, ಕಾರ್ಪೆಟ್ ಮತ್ತು ಒಳಗಿನ ವೈರ್‌ಗಳನ್ನು ಸರಿಸಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಸತು ಲೇಪಿಸಿದ ತಗಡಿನ ಹೊಗೆ ಕುಡಿದರೆ ಜ್ವರ ಬರುತ್ತದೆ; ಅಂಚಿನ ಲೇಪ ಉಜ್ಜಿ ತೆಗೆದು, ಗಾಳಿಯಾಡುವಲ್ಲಿ, ಮಾಸ್ಕ್ ಹಾಕಿ ಕೆಲಸ ಮಾಡಿ. ಹೊಸ ಕಾರುಗಳಲ್ಲಿ ಮುಂದಿನ, ಹಿಂದಿನ ಬಾಗಿಲ ನಡುವಿನ ಕಂಬದ ಒಳಗಿರುವ ಬೋರಾನ್ ಉಕ್ಕನ್ನು (ತುಂಬಾ ಗಟ್ಟಿ ಉಕ್ಕು) ಮಾತ್ರ ಕಾಯಿಸಬೇಡಿ, ಬಲ ಕಳೆದುಕೊಳ್ಳುತ್ತದೆ.

ತಗ್ಗು ತುಂಬಲು ಹಚ್ಚುವ ಪುಟ್ಟಿ ನೀರು ಹೀರುತ್ತದೆ, ಪ್ರೈಮರ್ ಇಲ್ಲದೆ ಬಿಡಬೇಡಿ. ಮಳೆಗಾಲದಲ್ಲಿ ಉಜ್ಜಿದ ತಗಡು ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ, ಅವತ್ತೇ ಪ್ರೈಮರ್ ಹೊಡೆಯಿರಿ. ಬಣ್ಣ ಒಣಗಿದ ಮೇಲೆ ಉದ್ದ ನಳಿಕೆಯಿಂದ ರನ್ನಿಂಗ್ ಬೋರ್ಡ್‌ನ ಟೊಳ್ಳಿನ ಒಳಗೆ ಮೇಣ ಸಿಂಪಡಿಸಿ, ತಳದಲ್ಲಿ ನೀರು ಇಳಿಯುವ ತೂತುಗಳಿಗೆ ತಂತಿ ತೂರಿಸಿ ತೆರೆದಿವೆಯೇ ನೋಡಿ.