ಹಳೇ ಎಂಜಿನ್ನು ಕಾಸ್ಟಿಕ್ ಸೋಡಾದಾಗ ನೆನಿ ಇಡಬಹುದಾ?

"ಸರ್ರ, ಕಸ್ಟಮ್ ಮಾಡಾಕ ಆರ್‌ಎಕ್ಸ್ 100 ಎಂಜಿನ್ ಇಳಿಸೀನಿ. ರಾತ್ರಿ ಕಾಸ್ಟಿಕ್ ಸೋಡಾದಾಗ ನೆನಿ ಇಟ್ಟು ಮುಂಜಾನೆ ತೊಳದ್ರ ಹೊಸಾದ್ರಂಗ ಆಕ್ಕೈತಿ ಅಂತಾರ, ಖರೇನ್ರಿ?"

ಖರೆ ಅಲ್ಲ. ಗಾಡಿ ಆರ್‌ಎಕ್ಸ್ 100 ಇರಲಿ, ಯೆಜ್ಡಿ ಇರಲಿ, ಸ್ಪ್ಲೆಂಡರ್ ಇರಲಿ, ಉತ್ತರ ಇದೇ. ಎಷ್ಟು ಸಲ ಹೇಳಿದರೂ ಪ್ರಶ್ನೆ ತಿರುಗಿ ಬರುತ್ತದೆ. ಅದಕ್ಕೆ ಈ ಸಲ ಕಾರಣ ಸಮೇತ ಬರೆಯುತ್ತಿದ್ದೇನೆ.

ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಪೆಟ್ಟಿಗೆ, ಮುಂದೆ ಬರೀ ಕೇಸು ಎಂದಿದ್ದೇನೆ), ಹೆಡ್, ಸೈಡ್ ಕವರ್ ಎಲ್ಲ ಅಲ್ಯುಮಿನಿಯಂ ಎರಕ. ಅಲ್ಯುಮಿನಿಯಂ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಇರುತ್ತದೆ. ಗಾಳಿ, ನೀರಿನಿಂದ ಲೋಹವನ್ನು ಕಾಯುವುದು ಅದೇ. ಕಾಸ್ಟಿಕ್ ಮೊದಲು ಅದನ್ನು ಕರಗಿಸುತ್ತದೆ, ಆಮೇಲೆ ಲೋಹವನ್ನೇ ತಿನ್ನುತ್ತದೆ. ಆಗ ಬುಳುಬುಳು ಏಳುವ ಗುಳ್ಳೆ ನೋಡಿ "ಹೊಲಸು ಬಿಡಾಕತ್ತೈತಿ" ಎಂದು ಖುಷಿಪಡುತ್ತಾರೆ. ಅದು ಹೊಲಸಲ್ಲ, ಹೈಡ್ರೋಜನ್. ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಜೊತೆಗೆ ದ್ರಾವಣ ತಾನಾಗಿಯೇ ಕಾಯುತ್ತದೆ, ಕಾದಷ್ಟೂ ಜೋರಾಗಿ ತಿನ್ನುತ್ತದೆ.

ಮುಂಜಾನೆ ತೆಗೆದಾಗ ಎಂಜಿನ್ ಕಪ್ಪಗಾಗಿರುತ್ತದೆ. ಎರಕದಲ್ಲಿ ಸಿಲಿಕಾನ್, ತಾಮ್ರ ಬೆರೆತಿರುತ್ತವೆ. ಸುತ್ತಲಿನ ಅಲ್ಯುಮಿನಿಯಂ ಕರಗಿ ಹೋಗಿ ಇವು ಮಸಿಯಂತೆ ಮೇಲೆ ಉಳಿಯುತ್ತವೆ. ಜರ್ಮನ್ (ಅಲ್ಯುಮಿನಿಯಂ) ಪಾತ್ರೆಯಲ್ಲಿ ವಾಷಿಂಗ್ ಸೋಡಾ ಹಾಕಿದ ನೀರು ಕುದಿಸಿದರೆ ಒಳಗೆ ಕಪ್ಪಾಗುವುದನ್ನು ನಿಮ್ಮ ಮನೆಯವರು ನೋಡಿಯೇ ಇರುತ್ತಾರೆ. ಆ ಕಪ್ಪು ತೆಗೆಯಲು ಮುಂದೆ ಪಾಯಖಾನೆ ಆ್ಯಸಿಡ್ ಸುರಿಯುತ್ತಾರೆ. ಅದರಿಂದ ಸಿಲಿಕಾನ್ ಹೋಗುವುದಿಲ್ಲ, ಲೋಹದ ಮೈಯಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಕುಳಿಯೊಳಗೆ ಕ್ಲೋರೈಡ್ ಉಳಿದು, ಹಚ್ಚಿದ ಬಣ್ಣದ ಕೆಳಗೆ ಬಿಳಿ ಬೂದಿ ಎದ್ದು, ಬಣ್ಣ ಹಪ್ಪಳದಂತೆ ಮೇಲೇಳುತ್ತದೆ.

ಕಣ್ಣಿಗೆ ಕಾಣದ ನಷ್ಟ ಇದಕ್ಕಿಂತ ದೊಡ್ಡದು. ಕೇಸಿನಲ್ಲಿ ಬೇರಿಂಗ್ ಬಿಗಿಯಾಗಿ ಕೂರುವುದು ಮಿಲಿಮೀಟರಿನ ನೂರನೇ ಒಂದೆರಡು ಪಾಲಿನ ವ್ಯತ್ಯಾಸದ ಮೇಲೆ. ಅಷ್ಟು ಲೋಹ ಕರಗಿದರೆ ಬೇರಿಂಗಿನ ಹೊರಬಳೆ ಕೇಸಿನಲ್ಲೇ ತಿರುಗಲು ಶುರುವಾಗುತ್ತದೆ. ಗ್ಯಾಸ್ಕೆಟ್ ಕೂರುವ ಮೈ ಒರಟಾಗಿ ಆಯಿಲ್ ಸೋರುತ್ತದೆ. ಕವರಿನ 6 ಎಂಎಂ ಬೋಲ್ಟಿನ ಥ್ರೆಡ್ ಸಡಿಲಾಗಿ, ಬಿಗಿ ಮಾಡುವಾಗ ಥ್ರೆಡ್ಡೇ ಕಿತ್ತು ಬರುತ್ತದೆ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಲಾರಿ ಗ್ಯಾರೇಜಿನಲ್ಲಿ. ಹಳೇ ಲಾರಿಯ ಎಂಜಿನ್ ಬ್ಲಾಕ್ ಬೀಡಿನದು (ಎರಕದ ಕಬ್ಬಿಣದ್ದು), ಬೀಡನ್ನು ಕಾಸ್ಟಿಕ್ ನೀರಿನಲ್ಲಿ ಕುದಿಸಿದರೆ ಏನೂ ಆಗುವುದಿಲ್ಲ. ಹಳೇ ಬುಲೆಟ್ಟಿನ ಬೀಡಿನ ಬ್ಯಾರಲ್ಲಿಗೂ ಅದು ನಡೆಯುತ್ತದೆ. ಆದರೆ ಅದೇ ಬುಲೆಟ್ಟಿನ ಹೆಡ್ಡಿಗೆ ನಡೆಯುವುದಿಲ್ಲ. ಅಯಸ್ಕಾಂತ ಹಿಡಿದು ನೋಡಿ: ಅಂಟಿದರೆ ಬೀಡು ಅಥವಾ ಉಕ್ಕು, ಅಂಟದಿದ್ದರೆ ಕಾಸ್ಟಿಕ್ ಡಬ್ಬಿ ಮುಚ್ಚಿಡಿ.

ಈಗಾಗಲೇ ಅದ್ದಿದ್ದರೆ ಸಾಕಷ್ಟು ನೀರಿನಲ್ಲಿ ತೊಳೆದು, ನೀರು ಬೆರೆಸಿದ ವಿನೆಗರಿನಿಂದ ಒರೆಸಿ, ಮತ್ತೆ ತೊಳೆದು ಒಣಗಿಸಿ. ಆಮೇಲೆ ಲೇಥ್‌ನವರ ಹತ್ತಿರ ಬೇರಿಂಗ್ ಸೀಟು ಅಳೆಸಿ. ಸಡಿಲವಿದ್ದರೆ ಬೋರ್ ಮಾಡಿಸಿ ಬುಷ್ ಹಾಕಿಸಬೇಕು.

ಸರಿಯಾದ ದಾರಿ ಅಗ್ಗದ್ದೇ. ನವಲಗುಂದ, ಗದಗ ಕಡೆಯ ಗಾಡಿಗಳಲ್ಲಿ ಫಿನ್ನುಗಳ (ಎಂಜಿನ್ ತಂಪಾಗಲು ಇರುವ ಪಟ್ಟಿಗಳ) ನಡುವೆ ಎರೆಮಣ್ಣು ಆಯಿಲ್ ಕುಡಿದು ಕಲ್ಲಾಗಿರುತ್ತದೆ. ಎಂಜಿನ್ ಬಿಚ್ಚುವ ಮೊದಲೇ ಇನ್‌ಟೇಕ್, ಎಕ್ಸಾಸ್ಟ್ ಬಾಯಿಗಳನ್ನು ಬಂದ್ ಮಾಡಿ, ಒಂದು ಲೀಟರ್ ಡೀಸೆಲ್ ಬ್ರಷ್ಷಿನಿಂದ ಹಚ್ಚಿ ಎರಡು ತಾಸು ಬಿಡಿ. ಮೆತ್ತಗಾದ ಮಣ್ಣನ್ನು ಬಿದಿರಿನ ಚೂರಿನಿಂದ ಕೆರೆಯಿರಿ, ಸ್ಕ್ರೂಡ್ರೈವರ್ ಬೇಡ. ಬ್ರಷ್ ಹಿತ್ತಾಳೆ ತಂತಿಯದಿರಲಿ. ಉಕ್ಕಿನ ತಂತಿಯ ಚೂರು ಅಲ್ಯುಮಿನಿಯಂನಲ್ಲಿ ಹೂತು, ಮಳೆಗಾಲದಲ್ಲಿ ತುಕ್ಕಿನ ಚುಕ್ಕೆಯಾಗಿ ಏಳುತ್ತದೆ. ನಂತರ ಐದು ಲೀಟರ್ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ ಹಾಕಿ ತೊಳೆಯಿರಿ. ಬಟ್ಟೆ ಸೋಪಿನ ಪುಡಿ ಬೇಡ, ಅದರಲ್ಲೂ ವಾಷಿಂಗ್ ಸೋಡಾ ಇರುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ತಾನಾಗಿ ಒಣಗಲು ಬಿಡದೆ ಕೂಡಲೇ ಒರೆಸಿ.

ಬ್ಲಾಸ್ಟಿಂಗ್ (ಗಾಳಿಯ ರಭಸದಲ್ಲಿ ಕಾಳು ಹೊಡೆದು ಮೈ ಸ್ವಚ್ಛ ಮಾಡುವುದು) ಮಾಡಿಸುವುದಾದರೆ ಉಸುಕು ಬೇಡ, ಗಾಜಿನ ಮಣಿ ಹಾಕುವವರನ್ನು ಹುಡುಕಿ. ಅದೂ ಬೇರಿಂಗ್ ತೆಗೆದ ಖಾಲಿ ಕೇಸಿಗೆ ಮಾತ್ರ. ಜೋಡಿಸಿದ ಎಂಜಿನ್ನಿಗೆ ಬಟ್ಟೆ ತುರುಕಿ ಹೊಡೆಸಿದರೆ ಕಾಳು ಒಳಗೆ ಹೋಗೇ ಹೋಗುತ್ತದೆ. ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕಿನಲ್ಲಿ ಆ ಕಾಳು ಕ್ರ್ಯಾಂಕ್ ಬೇರಿಂಗನ್ನೂ ಬೋರನ್ನೂ ತಿನ್ನುತ್ತದೆ. ಸೈಡ್ ಕವರಿಗೆ ಹಳದಿ ತಿರುಗಿದ ಲ್ಯಾಕರ್ ಇದ್ದರೆ ಪೇಂಟ್ ರಿಮೂವರಿನಿಂದ ತೆಗೆದು, 400, 600, 1000 ನಂಬರಿನ ಪಾಲಿಶ್ ಪೇಪರಿನಿಂದ ನೀರು ಹಾಕಿ ಉಜ್ಜಿ, ಬಫಿಂಗ್ (ತಿರುಗುವ ಚಕ್ರದಲ್ಲಿ ಉಜ್ಜಿ ಹೊಳಪು ಕೊಡುವುದು) ಮಾಡಿಸಿ.

ಬಣ್ಣ ಹಚ್ಚುವ ಮೊದಲು ಥಿನ್ನರಿನಿಂದ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಶಾಖ ತಡೆಯುವ ಎಂಜಿನ್ ಬಣ್ಣವನ್ನು ತೆಳುವಾಗಿ ಎರಡು ಕೈ ಹೊಡೆದರೆ ಸಾಕು. ಧಾರವಾಡದ ಜಿಟಿಜಿಟಿ ಮಳೆಯ ದಿನ ಹೊಡೆದರೆ ಹೊಳಪು ಸತ್ತು ಬೆಳ್ಳಗಾಗುತ್ತದೆ, ಬಿಸಿಲಿನ ದಿನ ಕಾಯಿರಿ. ಕಪ್ಪು ಬಣ್ಣದಿಂದ ಎಂಜಿನ್ ಕಾಯುತ್ತದೆ ಎಂಬ ಹೆದರಿಕೆ ಬೇಡ; ತೆಳುವಾದ ಕಪ್ಪು ಬಣ್ಣ ಶಾಖವನ್ನು ಚೆನ್ನಾಗಿಯೇ ಹೊರಹಾಕುತ್ತದೆ. ತೊಂದರೆ ಕೊಡುವುದು ಫಿನ್ನುಗಳ ಮೇಲೆ ದಪ್ಪಗೆ ಮೆತ್ತಿದ ಬಣ್ಣ.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು: ಎಂಜಿನ್ ನಂಬರ್ ಏನಾಗುತ್ತದೆ? ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೇ 1996ರಲ್ಲಿ, ಅಂದರೆ ಈ ಗಾಡಿಗಳೆಲ್ಲ ನವೀಕರಣದ ಸಾಲಿನಲ್ಲೇ ಇವೆ. ಕೆಎ 25 (ಧಾರವಾಡ) ಇರಲಿ, 63 (ಹುಬ್ಬಳ್ಳಿ) ಇರಲಿ, ಆರ್‌ಟಿಓ ತಪಾಸಣೆಯಲ್ಲಿ ಎಂಜಿನ್, ಚಾಸಿ ನಂಬರುಗಳನ್ನು ಆರ್‌ಸಿ ಜೊತೆ ತಾಳೆ ನೋಡುತ್ತಾರೆ. ಬಫಿಂಗ್ ಚಕ್ರ ಒಮ್ಮೆ ಆಡಿದರೆ ಆ ಅಂಕಿ ಸವೆದುಹೋಗುತ್ತವೆ, ಅವನ್ನು ಮತ್ತೆ ಕೆತ್ತಿಸುವ ಅಧಿಕಾರ ನಿಮಗೂ ಇಲ್ಲ, ಮೆಕ್ಯಾನಿಕ್‌ಗೂ ಇಲ್ಲ. ಕೆಲಸಕ್ಕೆ ಕೊಡುವ ಮೊದಲು ನಂಬರಿನ ಫೋಟೋ ತೆಗೆದು, ಕಾಗದ ಇಟ್ಟು ಪೆನ್ಸಿಲ್ಲಿನಿಂದ ತಿಕ್ಕಿ ಅಚ್ಚು ತೆಗೆದುಕೊಳ್ಳಿ. ಆ ಜಾಗಕ್ಕೆ ದಪ್ಪ ಟೇಪು ಎರಡು ಸುತ್ತು ಅಂಟಿಸಿ, ಬಫಿಂಗ್ ಮಾಡುವವರಿಗೆ ಬೆರಳಿಟ್ಟು ತೋರಿಸಿ ಬನ್ನಿ.